ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗ್ತಿಲ್ಲ: ಆಲ್ಟರ್ನೇಟರ್ ಬದಲಿಸಲೇಬೇಕಾ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷ. ಎರಡು ತಿಂಗಳ ಹಿಂದೆ ಬ್ಯಾಟರಿ ಪೂರ್ತಿ ಡೌನ್ ಆಯ್ತು ಅಂತ ಹೊಸದು ಹಾಕಿಸಿದೆ. ಈಗ ಮತ್ತೆ ಅದೇ ಕಥೆ. ಎರಡು ದಿನ ನಿಲ್ಲಿಸಿದರೆ ಮೂರನೇ ದಿನ ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಸದ್ದು. ಬೇರೆ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಮಾಡಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಸಣ್ಣಗೆ ಮಿಣುಕುತ್ತದೆ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಂಕಾಗಿ ಉರಿಯುತ್ತಿರುತ್ತದೆ, ಹಗಲಲ್ಲಿ ಅದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಲವು ಸೆಕೆಂಡ್ ಬೆಲ್ಟ್ ಕಿರ್ರ್ ಅನ್ನುತ್ತದೆ. ಒಬ್ಬ ಮೆಕ್ಯಾನಿಕ್ ಆಲ್ಟರ್ನೇಟರ್ ಹೋಗಿದೆ ಅಂದರು. ಇನ್ನೊಬ್ಬರು ಬ್ಯಾಟರಿಯೇ ಸರಿಯಿಲ್ಲ ಅಂದರು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡು, ಆಫ್ ಆದರೆ ಆಲ್ಟರ್ನೇಟರ್ ಕೆಟ್ಟಿದೆ ಅಂತ ಅರ್ಥ ಅನ್ನುತ್ತಾನೆ ಗೆಳೆಯ. ಹಾಗೆ ಮಾಡಬಹುದಾ? ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಮಲ್ಟಿಮೀಟರ್ ಎರಡೂ ಇವೆ. ನಾನೇ ಬದಲಿಸಬಹುದಾ? ಹೊಸದು ಒಳ್ಳೆಯದಾ, ರಿಪೇರಿ ಸಾಕಾ? ಅಲ್ಲಿಯವರೆಗೆ ಓಡಿಸಿದರೆ ತೊಂದರೆಯಾ?

ಉತ್ತರ: ಗೆಳೆಯರ ಸಲಹೆಯಿಂದಲೇ ಶುರು ಮಾಡುತ್ತೇನೆ, ನೀವು ಅದನ್ನು ಮಾಡಿ ನೋಡುವ ಮೊದಲೇ ಹೇಳಿಬಿಡಬೇಕು. ಎಂಜಿನ್ ಓಡುವಾಗ ಟರ್ಮಿನಲ್ ಕೀಳಬೇಡಿ.

ಈ ಪರೀಕ್ಷೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸಲು ಹಿಂದೆ ಕಾರುಗಳಲ್ಲಿ ಡೈನಮೋ ಇರುತ್ತಿತ್ತು, ಈಗ ಆ ಕೆಲಸ ಆಲ್ಟರ್ನೇಟರ್‌ನದು. 1960ರಲ್ಲಿ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಆ ದಶಕದಲ್ಲಿ ಉಳಿದ ಕಂಪನಿಗಳೂ ಒಂದೊಂದಾಗಿ ಆ ಕಡೆ ಬಂದವು. ಆಗಿನ ಕಾರಿನಲ್ಲಿ ಸುಟ್ಟುಹೋಗಲು ಎಲೆಕ್ಟ್ರಾನಿಕ್ಸ್ ಅನ್ನುವುದೇ ಹೆಚ್ಚುಕಮ್ಮಿ ಇರಲಿಲ್ಲ, ಹಾಗಾಗಿ ಟರ್ಮಿನಲ್ ಕಿತ್ತು ನೋಡುವವರು ಬಚಾವಾಗುತ್ತಿದ್ದರು. ಈಗ ಹಾಗಲ್ಲ. ಆಲ್ಟರ್ನೇಟರ್ 40, 50 ಆಂಪಿಯರ್ ಕೊಡುತ್ತಿರುವಾಗ ಬ್ಯಾಟರಿಯನ್ನು ಕಿತ್ತರೆ ಆ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ. ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್‌ನಲ್ಲಿರುವ ಕಾಂತಶಕ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುವುದಿಲ್ಲ, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಎಚ್ಚೆತ್ತುಕೊಳ್ಳುವುದೂ ತಡ. ಅಷ್ಟರಲ್ಲಿ 14 ವೋಲ್ಟ್ ಇದ್ದದ್ದು 60, 80 ವೋಲ್ಟಿಗೂ ಜಿಗಿಯಬಹುದು. ಎಂಜಿನ್ ಕಂಪ್ಯೂಟರ್, ಏರ್‌ಬ್ಯಾಗ್ ಮಾಡ್ಯೂಲ್, ಮ್ಯೂಸಿಕ್ ಸಿಸ್ಟಮ್, ಕೊನೆಗೆ ಆಲ್ಟರ್ನೇಟರ್‌ನ ಡಯೋಡ್‌ಗಳು, ಯಾವುದು ಹೋಗುತ್ತದೆ ಅನ್ನುವುದು ಅದೃಷ್ಟ. ಇಷ್ಟೆಲ್ಲ ಮಾಡಿದರೂ ಉತ್ತರ ಸಿಗುವುದಿಲ್ಲ. ಅರ್ಧ ಕೆಟ್ಟ ಆಲ್ಟರ್ನೇಟರ್ ಕೂಡ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಸುಮ್ಮನೆ ಓಡುವಾಗ, ಎಂಜಿನ್ ನಡೆಸುವಷ್ಟು ಕರೆಂಟ್ ಕೊಟ್ಟೀತು. ನಿಮ್ಮದು ಬಹುಶಃ ಅಂಥದ್ದೇ.

ಇನ್ನು ಇಬ್ಬರು ಮೆಕ್ಯಾನಿಕ್‌ಗಳ ಮಾತು. ಇಬ್ಬರೂ ಮೀಟರ್ ಇಟ್ಟು ನೋಡಿದ್ದಾಗಿ ನೀವು ಬರೆದಿಲ್ಲ. ಅಳೆಯದೆ ಹೇಳಿದ್ದರೆ ಎರಡೂ ಊಹೆಯೇ. ನನ್ನ ಅನುಭವದಲ್ಲಿ "ಆಲ್ಟರ್ನೇಟರ್ ಹೋಗಿದೆ" ಅಂತ ಬಿಚ್ಚಿ ತಂದದ್ದರಲ್ಲಿ ಎಷ್ಟೋ ಸಲ ಆಲ್ಟರ್ನೇಟರ್ ಚೆನ್ನಾಗೇ ಇರುತ್ತದೆ. ಸವೆದ ಬೆಲ್ಟು, ತುಕ್ಕು ಹಿಡಿದ ಅರ್ಥ್ ವೈರು, ಸಡಿಲಾದ ಒಂದು ನಟ್ಟು ಅದರ ಹೆಸರು ಕೆಡಿಸಿರುತ್ತವೆ. ಆಲ್ಟರ್ನೇಟರ್ ಬದಲಿಸುವ ಭರದಲ್ಲಿ ಬೆಲ್ಟೂ ಹೊಸದಾಗುತ್ತದೆ, ಟರ್ಮಿನಲ್‌ಗಳೂ ಸ್ವಚ್ಛವಾಗುತ್ತವೆ. ಕಾರು ಸರಿಹೋಗುತ್ತದೆ, ಹೆಸರು ಮಾತ್ರ ಹೊಸ ಆಲ್ಟರ್ನೇಟರಿಗೆ ಬರುತ್ತದೆ.

ನಿಮ್ಮ ಲಕ್ಷಣಗಳು ಏನು ಹೇಳುತ್ತವೆ

ಆಲ್ಟರ್ನೇಟರ್ ಒಳಗೆ ತಿರುಗುವುದು ರೋಟರ್, ಅಂದರೆ ಒಂದು ವಿದ್ಯುತ್ ಅಯಸ್ಕಾಂತ. ಅದಕ್ಕೆ ಎರಡು ಕಾರ್ಬನ್ ಬ್ರಷ್ ಮೂಲಕ ಸಣ್ಣ ಕರೆಂಟ್ ಹೋಗುತ್ತದೆ, 3ರಿಂದ 5 ಆಂಪಿಯರ್ ಮಟ್ಟದ್ದು. ಸುತ್ತ ಇರುವ ಸ್ಟೇಟರ್‌ನ ಮೂರು ಸುರುಳಿಗಳಲ್ಲಿ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್, ಹುಟ್ಟುತ್ತದೆ. ಹಿಂಭಾಗದ ಡಯೋಡ್ ಪ್ಲೇಟ್ ಅದನ್ನು ಒಂದೇ ದಿಕ್ಕಿನ ಡಿಸಿ ಮಾಡುತ್ತದೆ. ಅಲ್ಲಿ ಕನಿಷ್ಠ ಆರು ಡಯೋಡ್ ಇರುತ್ತವೆ. ವೋಲ್ಟೇಜ್ ಎಷ್ಟಿರಬೇಕು ಅಂತ ನೋಡಿಕೊಳ್ಳುವುದು ರೆಗ್ಯುಲೇಟರ್. ಇದನ್ನೆಲ್ಲ ತಿರುಗಿಸುವುದು ಎಂಜಿನ್‌ನ ಬೆಲ್ಟ್.

ಹಳೆಯ ಬಗೆಯ ವೈರಿಂಗ್‌ನಲ್ಲಿ ಬ್ಯಾಟರಿ ದೀಪ ಎರಡು ಕಡೆಯ ನಡುವೆ ಕೂತಿರುತ್ತದೆ. ಒಂದು ಕಡೆ ಬ್ಯಾಟರಿಯ ವೋಲ್ಟೇಜ್, ಇನ್ನೊಂದು ಕಡೆ ಆಲ್ಟರ್ನೇಟರ್‌ನದು. ಎರಡೂ ಸಮ ಇದ್ದರೆ ದೀಪ ಆರಿರುತ್ತದೆ. ಆಲ್ಟರ್ನೇಟರ್ ಏನೂ ಕೊಡದಿದ್ದರೆ ಜೋರಾಗಿ ಉರಿಯುತ್ತದೆ. ಮಂಕಾಗಿ ಉರಿದರೆ ಎರಡರ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದೆ ಅಂತ. ಇದಕ್ಕೆ ಕಾರಣ ಎರಡು ಇರಬಹುದು: ಒಂದು ಡಯೋಡ್ ಕೆಟ್ಟಿದೆ, ಇಲ್ಲವೇ ದಪ್ಪ ಕೇಬಲ್‌ನಲ್ಲಿ ಎಲ್ಲೋ ತಡೆ ಇದೆ. ಕಂಪ್ಯೂಟರ್ ಹೇಳಿದಂತೆ ದೀಪ ಉರಿಯುವ ಹೊಸ ಕಾರುಗಳಲ್ಲಿ ಈ ಮಂಕು ಬೆಳಕು ಸಾಮಾನ್ಯವಾಗಿ ಕಾಣುವುದಿಲ್ಲ.

ಹೆಡ್‌ಲೈಟ್ ಮಿಣುಕುವುದೂ ಡಯೋಡ್ ಕಡೆಗೇ ಬೊಟ್ಟು ಮಾಡುತ್ತದೆ. ಒಂದು ಡಯೋಡ್ ಹೋದರೆ ಡಿಸಿ ಒಳಗೆ ಎಸಿ ಏರಿಳಿತ ಉಳಿದುಬಿಡುತ್ತದೆ. ಮಿಣುಕು ಐಡಲ್‌ನಲ್ಲಿ ಎದ್ದು ಕಾಣುತ್ತದೆ, ರೇಸ್ ಕೊಟ್ಟರೆ ಕಮ್ಮಿಯಾಗಬಹುದು.

ಎರಡು ದಿನಕ್ಕೆ ಬ್ಯಾಟರಿ ಖಾಲಿಯಾಗುವುದನ್ನು ಲೆಕ್ಕ ಹಾಕಿ ನೋಡೋಣ. ನಿಲ್ಲಿಸಿದ ಕಾರು ಗಡಿಯಾರ, ಅಲಾರಂ, ಕಂಪ್ಯೂಟರ್ ನೆನಪಿಗೆಂದು 50 ಮಿಲಿಆಂಪಿಯರ್‌ವರೆಗೆ ಎಳೆಯುವುದು ಸಹಜ. 48 ಗಂಟೆಗೆ ಅದು 2.4 ಆಂಪಿಯರ್ ಅವರ್ ಅಷ್ಟೇ. 45 ಆಂಪಿಯರ್ ಅವರ್ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಅರ್ಧ ಆಂಪಿಯರ್ ಸೋರುತ್ತಿದ್ದರೆ ಎರಡು ದಿನಕ್ಕೆ 24 ಆಗುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಮೊದಲೇ ಪೂರ್ತಿ ತುಂಬಿರದ ಬ್ಯಾಟರಿ ಆದರೆ ಮುಗೀತು. ಡಯೋಡ್ ಇರುವುದೇ ಕರೆಂಟ್ ಒಂದೇ ದಿಕ್ಕಿಗೆ ಹೋಗಲಿ ಅಂತ. ಅದು ಸೋರತೊಡಗಿದರೆ ರಾತ್ರಿಯೆಲ್ಲ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಆಲ್ಟರ್ನೇಟರ್ ಒಳಗೆ ಹರಿದು, ರೋಟರ್ ಸುರುಳಿಯ ದಾರಿಯಲ್ಲಿ ಅರ್ಥ್ ಸೇರಬಹುದು. ಹಗಲು ತುಂಬಿಸುವವನೇ ರಾತ್ರಿ ಕದ್ದ ಹಾಗೆ.

ಆದರೆ ಬೆಳಗಿನ ಕಿರ್ರ್ ಸದ್ದು ಬೇರೆ ಮಾತು ಹೇಳುತ್ತದೆ. ಬೆಲ್ಟ್ ಜಾರುತ್ತಿದೆ. ಖಾಲಿ ಬ್ಯಾಟರಿ ತುಂಬಲು ಸ್ಟಾರ್ಟ್ ಆದ ಕೂಡಲೇ ಆಲ್ಟರ್ನೇಟರ್ ಪೂರ್ತಿ ಶಕ್ತಿಯಿಂದ ದುಡಿಯುತ್ತದೆ. ಅಷ್ಟು ಭಾರ ಎಳೆಯಲು ಬೆಲ್ಟಿಗೆ ಆಗುತ್ತಿಲ್ಲ. ಇದು ಸೋರಿಕೆಯ ಪರಿಣಾಮವೂ ಇರಬಹುದು, ಬೆಲ್ಟೇ ಸವೆದಿರಲೂಬಹುದು. ಹಾಗಾಗಿ ನನಗೆ ಡಯೋಡ್ ಮೇಲೆ ಎಷ್ಟೇ ಅನುಮಾನ ಇದ್ದರೂ ಈಗಲೇ ಬದಲಿಸಿ ಅನ್ನುವುದಿಲ್ಲ.

ಮಲ್ಟಿಮೀಟರ್ ತಗೊಳ್ಳಿ

ಅದಕ್ಕೂ ಮೊದಲು ಒಂದು ಕೆಲಸ. ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ಪೂರ್ತಿ ಚಾರ್ಜ್ ಮಾಡಿ. ಅರ್ಧ ಖಾಲಿ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಅಳೆದರೆ ಎಲ್ಲ ಅಂಕಿಯೂ ದಾರಿ ತಪ್ಪಿಸುತ್ತವೆ. "ಒಂದು ರೌಂಡ್ ಓಡಿಸಿದರೆ ಆಲ್ಟರ್ನೇಟರೇ ತುಂಬುತ್ತೆ" ಅನ್ನುವವರಿದ್ದಾರೆ. ಪೂರ್ತಿ ಬತ್ತಿದ ಬ್ಯಾಟರಿಗೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಆಲ್ಟರ್ನೇಟರ್ ಪೂರ್ತಿ ಭಾರದಲ್ಲಿ ಬಿಸಿಯಾಗುತ್ತದೆ, ಬಿಸಿಯೇ ಡಯೋಡಿನ ದೊಡ್ಡ ಶತ್ರು. ಪದೇ ಪದೇ ಜಂಪ್ ಮಾಡಿ ಓಡಿಸಿದ ಕಾರಿನಲ್ಲಿ ಮೊದಲು ಬ್ಯಾಟರಿ, ಆಮೇಲೆ ಆಲ್ಟರ್ನೇಟರ್ ಹೋಗುವುದು ಹೀಗೆ.

ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ನೆ ಬಿಟ್ಟು ಎರಡು ಟರ್ಮಿನಲ್ ನಡುವೆ ಡಿಸಿ ವೋಲ್ಟ್ ನೋಡಿ. 12.6 ಅಥವಾ ಸ್ವಲ್ಪ ಮೇಲಿದ್ದರೆ ಪೂರ್ತಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. ರಾತ್ರಿಯಿಡೀ ಚಾರ್ಜ್ ಮಾಡಿ, ಟರ್ಮಿನಲ್ ಬಿಚ್ಚಿಟ್ಟರೂ ಒಂದು ದಿನದಲ್ಲಿ ತಾನಾಗೇ 12.2ಕ್ಕೆ ಇಳಿದರೆ ಎರಡನೇ ಮೆಕ್ಯಾನಿಕ್ ಹೇಳಿದ್ದೇ ಸರಿ, ಬ್ಯಾಟರಿ ಬದಲಿಸಿಕೊಡಲು ಕೇಳಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ. ಸಡಿಲ ಬಟ್ಟೆ, ಶಾಲು, ಮೀಟರ್ ವೈರು ಯಾವುದೂ ಬೆಲ್ಟಿನ ಹತ್ತಿರ ಹೋಗದಿರಲಿ. ಬ್ಯಾಟರಿ ಮೇಲೆ 13.8ರಿಂದ 14.7 ವೋಲ್ಟ್ ಬರಬೇಕು. ಆಮೇಲೆ ಹೆಡ್‌ಲೈಟ್, ಎಸಿ ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಎಂಜಿನ್ ವೇಗ 1,500ರಿಂದ 2,000ದ ನಡುವೆ ಇಡಿ. ಆಗಲೂ 13.5ರ ಆಸುಪಾಸು ನಿಲ್ಲಬೇಕು. 13ಕ್ಕಿಂತ ಕೆಳಗೆ ಜಾರಿದರೆ ಚಾರ್ಜಿಂಗ್ ಸಾಲುತ್ತಿಲ್ಲ. 15 ದಾಟಿ ಅಲ್ಲೇ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ. ಅಂಥ ಕಾರನ್ನು ಓಡಿಸಬಾರದು, ಬ್ಯಾಟರಿ ಕುದಿಯುತ್ತದೆ.

ಒಂದು ಎಚ್ಚರಿಕೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ನಡೆಸುತ್ತದೆ. ಬ್ಯಾಟರಿ ತುಂಬಿದ್ದರೆ 12.8ಕ್ಕೆ ಇಳಿಸುತ್ತದೆ, ಬ್ರೇಕ್ ಹಾಕುವಾಗ ಸ್ವಲ್ಪ ಹೊತ್ತು 15ಕ್ಕೆ ಏರಿಸುತ್ತದೆ. ಇಂಧನ ಉಳಿಸುವ ಉಪಾಯ ಅದು. ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಪ್ಲಗ್ ಇರುವ ಸೆನ್ಸರ್ ಕಂಡರೆ ನಿಮ್ಮದೂ ಅಂಥದ್ದೇ ಇರಬಹುದು. ಆಗ ಒಂದು ಅಂಕಿ ನೋಡಿ ತೀರ್ಮಾನಿಸಬೇಡಿ. ಹೆಡ್‌ಲೈಟ್ ಹಾಕಿ ನೋಡಿ, ಬಹಳಷ್ಟು ಕಾರುಗಳು ಆಗ ಚಾರ್ಜಿಂಗ್ ಏರಿಸುತ್ತವೆ. ಅನುಮಾನ ಉಳಿದರೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗುವುದೇ ಸರಿ.

ಮುಂದಿನ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಲೈಟು, ಬ್ಲೋವರ್ ಎಲ್ಲ ಓಡುತ್ತಿರಲಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ಕೇಬಲ್ ಕೂರುವ ಬಿ ಪ್ಲಸ್ ನಟ್ ಮೇಲೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ ಇಡಿ. ಎರಡೂ ಪಾಸಿಟಿವೇ, ಹಾಗಾಗಿ ಮೀಟರ್ ಬಹುತೇಕ ಸೊನ್ನೆ ತೋರಿಸಬೇಕು. 0.2, 0.3 ವೋಲ್ಟ್‌ವರೆಗೆ ಪರವಾಗಿಲ್ಲ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಆಲ್ಟರ್ನೇಟರ್ ಕೊಟ್ಟದ್ದು ದಾರಿಯಲ್ಲೇ ಕಳೆದುಹೋಗುತ್ತಿದೆ. ಹೀಗೇ ಆಲ್ಟರ್ನೇಟರ್‌ನ ಅಲ್ಯೂಮಿನಿಯಂ ಮೈಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ನೋಡಿ. ಅಲ್ಲಿ 0.2 ದಾಟಬಾರದು. ದಾಟಿದರೆ ಎಂಜಿನ್‌ನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿ ಹುಡುಕಿ. ಬೋಲ್ಟಿನ ಕೆಳಗೆ ಹಸಿರು, ಬಿಳಿ ಪುಡಿ ಕಟ್ಟಿರುತ್ತದೆ. ಬಿಚ್ಚಿ, ಎಮರಿ ಪೇಪರ್‌ನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಮಂಕು ದೀಪ ಇಷ್ಟಕ್ಕೇ ಆರಿಹೋದ ಕಾರುಗಳಿವೆ.

ಕೇಬಲ್ ಸರಿಯಿದ್ದರೆ ಡಯೋಡಿನ ಸರದಿ. ಅದೇ ಸ್ಥಿತಿಯಲ್ಲಿ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಡಿ. 0.1 ವೋಲ್ಟ್‌ಗಿಂತ ಕಮ್ಮಿ ಬಂದರೆ ಡಯೋಡ್‌ಗಳು ಆರೋಗ್ಯವಾಗಿವೆ. ಅರ್ಧ ವೋಲ್ಟ್ ದಾಟಿದರೆ ಕನಿಷ್ಠ ಒಂದಾದರೂ ಹೋಗಿದೆ. ಕೆಲವು ಅಗ್ಗದ ಮೀಟರ್‌ಗಳು ಎಸಿಯಲ್ಲಿ ಇಟ್ಟರೆ ಡಿಸಿಯನ್ನೂ ಸೇರಿಸಿ 25, 30 ಅಂತ ವಿಚಿತ್ರ ಅಂಕಿ ತೋರಿಸುತ್ತವೆ. ಎಂಜಿನ್ ಆಫ್ ಇರುವಾಗಲೂ ಅದೇ ಅಂಕಿ ಬಂದರೆ ಮೀಟರಿನ ದೋಷ, ಕಾರಿನದ್ದಲ್ಲ.

ಸೋರಿಕೆ ನೋಡಲು ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬಾಗಿಲು ಹಾಕಿ ಒಂದು ಗಂಟೆ ಬಿಡಿ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕಾಗಬಹುದು. ಆಮೇಲೆ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಕೇಬಲ್‌ಗೂ ಕಂಬಕ್ಕೂ ಮಧ್ಯೆ ಸೇರಿಸಿ. ಈ ಸ್ಥಿತಿಯಲ್ಲಿ ಮರೆತೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಕೇಬಲ್ ಬಿಚ್ಚಿ ಸೇರಿಸಿದಾಗ ಕಂಪ್ಯೂಟರ್‌ಗಳು ಮತ್ತೆ ಎಚ್ಚರಗೊಳ್ಳುತ್ತವೆ, ಹಾಗಾಗಿ ಮತ್ತೂ ಸ್ವಲ್ಪ ಕಾದು ಓದಿ. ಕೇಬಲ್ ಸುತ್ತ ಹಿಡಿದೇ ಕರೆಂಟ್ ಅಳೆಯುವ ಡಿಸಿ ಕ್ಲಾಂಪ್ ಮೀಟರ್ ಸಿಕ್ಕರೆ ಬಿಚ್ಚುವ ತಂಟೆಯೇ ಇಲ್ಲ. 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. ಅರ್ಧ ಆಂಪಿಯರ್, ಒಂದು ಆಂಪಿಯರ್ ಇದ್ದರೆ ಕಳ್ಳನನ್ನು ಹಿಡಿಯಬೇಕು. ಮೀಟರ್ ತೆಗೆದು, ನೆಗೆಟಿವ್ ಬಿಚ್ಚಿಟ್ಟಿರುವಾಗಲೇ ಆಲ್ಟರ್ನೇಟರ್‌ನ ದಪ್ಪ ಕೇಬಲ್ ಮತ್ತು ಪ್ಲಗ್ ಕಳಚಿ, ಕೇಬಲ್ ತುದಿಗೆ ರಬ್ಬರ್ ಸುತ್ತಿ ಮತ್ತೆ ಅಳೆಯಿರಿ. ಸೋರಿಕೆ ನಿಂತಿದ್ದರೆ ಆಲ್ಟರ್ನೇಟರೇ ಕಳ್ಳ. ನಿಲ್ಲದಿದ್ದರೆ ಡಿಕ್ಕಿ ದೀಪ, ಆಮೇಲೆ ಹಾಕಿಸಿದ ಕ್ಯಾಮೆರಾ, ಮ್ಯೂಸಿಕ್ ಸಿಸ್ಟಮ್ ಇವುಗಳ ಫ್ಯೂಸ್ ಒಂದೊಂದಾಗಿ ತೆಗೆದು ನೋಡಿ.

ಇನ್ನೊಂದು ಸಣ್ಣ ತಂತ್ರ, ಮೀಟರ್ ಬೇಡ. ಕಾರು ನಿಲ್ಲಿಸಿ ಐದಾರು ಗಂಟೆಯಾದ ಮೇಲೆ ಬಾನೆಟ್ ತೆಗೆದು ಆಲ್ಟರ್ನೇಟರ್ ಮೈ ಮುಟ್ಟಿ. ಎಂಜಿನ್ ತಣ್ಣಗಿದ್ದು ಅದು ಮಾತ್ರ ಬೆಚ್ಚಗಿದ್ದರೆ ಒಳಗೆ ಕರೆಂಟ್ ಹರಿಯುತ್ತಿದೆ. ಉಕ್ಕಿನ ಸ್ಪ್ಯಾನರ್ ತುದಿಯನ್ನು ಮುಂಭಾಗದ ಪುಲ್ಲಿ ನಟ್ ಹತ್ತಿರ ಹಿಡಿಯಿರಿ. ಕೀ ಆಫ್ ಇದ್ದಾಗಲೂ ಜೋರಾಗಿ ಎಳೆದುಕೊಂಡರೆ ರೋಟರ್‌ಗೆ ಕರೆಂಟ್ ಹೋಗುತ್ತಲೇ ಇದೆ. ಹಿಂಭಾಗದಲ್ಲಿ ಮಾತ್ರ ಹೀಗೆ ಸ್ಪ್ಯಾನರ್ ಆಡಿಸಬೇಡಿ, ಅಲ್ಲಿ ಬಿ ಪ್ಲಸ್ ನಟ್ ಇದೆ.

ಬೆಲ್ಟನ್ನು ಮರೆಯಬೇಡಿ

ಬಿರುಕು ಇಲ್ಲ, ಹಾಗಾಗಿ ಬೆಲ್ಟ್ ಚೆನ್ನಾಗಿದೆ ಅನ್ನುವುದು ಹಳೆಯ ರಬ್ಬರ್ ಕಾಲದ ಮಾತು. ಈಗಿನ ಇಪಿಡಿಎಂ ಅನ್ನುವ ಸಿಂಥೆಟಿಕ್ ರಬ್ಬರ್ ಬೆಲ್ಟ್‌ಗಳು ಬಿರುಕು ಬಿಡುವುದು ಕಮ್ಮಿ. ಅವು ಟೈರಿನಂತೆ ಸವೆಯುತ್ತವೆ, ಏಣುಗಳ ನಡುವಿನ ಕಣಿವೆ ಅಗಲವಾಗಿ ಹಿಡಿತ ಹೋಗುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ. ಸದ್ದು ಬರುವಾಗ ಬೆಲ್ಟಿನ ಏಣಿನ ಕಡೆಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು ಅಥವಾ ಸವೆದಿದೆ. ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಸದ್ದು ನಿಲ್ಲಿಸುವ ಸ್ಪ್ರೇ ಸಿಗುತ್ತದೆ, ಹಾಕಬೇಡಿ. ನಾಲ್ಕು ದಿನ ಸುಮ್ಮನಿದ್ದು, ಧೂಳು ಹಿಡಿದು ಮೊದಲಿಗಿಂತ ಜೋರಾಗಿ ಕಿರುಚುತ್ತದೆ.

ಬೆಲ್ಟ್ ಮೇಲೆ ಎಣ್ಣೆ ಅಥವಾ ಕೂಲಂಟ್ ಕಲೆ ಕಂಡರೆ ಆ ಸೋರಿಕೆ ಮೊದಲು ನಿಲ್ಲಿಸಿ. ಆಲ್ಟರ್ನೇಟರ್ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಹೊಸದು ಹಾಕಿದರೂ ಬ್ರಷ್‌ಗಳು ಬೇಗ ಹಾಳಾಗುತ್ತವೆ.

ಹೊಸದಾ, ರಿಪೇರಿಯಾ?

ಅಳತೆಗಳು ಆಲ್ಟರ್ನೇಟರನ್ನೇ ತೋರಿಸಿದವು ಅಂದುಕೊಳ್ಳೋಣ. ಯಾವ ಭಾಗ ಹೋಗಿದೆ ಅನ್ನುವುದರ ಮೇಲೆ ಉತ್ತರ ಇದೆ.

ಬ್ರಷ್ ಸವೆದಿದ್ದರೆ ಅದು ಸಣ್ಣ ಕೆಲಸ. ಹೊಸ ಬ್ರಷ್ ಹಿಡಿಕೆಯಿಂದ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಹೊರಗೆ ಚಾಚಿರುತ್ತದೆ. 5 ಮಿಲಿಮೀಟರ್ ಹತ್ತಿರ ಬಂದರೆ ಆಯಸ್ಸು ಮುಗಿಯಿತು. ಬ್ರಷ್ ಸಾಯುವಾಗಿನ ಲಕ್ಷಣವೇ ಬೇರೆ: ದೀಪ ಒಮ್ಮೆ ಪೂರ್ತಿ ಉರಿಯುತ್ತದೆ, ಕಾರು ರಸ್ತೆಯ ಗುಂಡಿ ಹಾರಿದಾಗ ಆರುತ್ತದೆ, ಮತ್ತೆ ಉರಿಯುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಬ್ರಷ್ ಮತ್ತು ರೆಗ್ಯುಲೇಟರ್ ಒಂದೇ ತುಂಡಾಗಿ ಹಿಂಭಾಗದ ಎರಡು ಮೂರು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಆದರೆ ಅದು ಕೂರುವ ತಾಮ್ರದ ಉಂಗುರಗಳಲ್ಲಿ ಆಳವಾದ ಗೀರು ಬಿದ್ದಿದ್ದರೆ ಹೊಸ ಬ್ರಷ್ ಬಾಳಿಕೆ ಬರುವುದಿಲ್ಲ.

ನಿಮ್ಮದು ಡಯೋಡ್ ಆಗಿದ್ದರೆ ಡಯೋಡ್ ಪ್ಲೇಟ್ ಬದಲಿಸಬೇಕು. ಅನೇಕ ಕಡೆ ಬೆಸುಗೆ ಕೆಲಸ, ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಗೇ ಕೊಡಿ. ಒಂಬತ್ತು ವರ್ಷದ ಆಲ್ಟರ್ನೇಟರ್ ಬಿಚ್ಚಿದ ಮೇಲೆ ಬರೀ ಡಯೋಡ್ ಹಾಕಿ ಮುಚ್ಚುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಎರಡು ಬೇರಿಂಗ್, ಬ್ರಷ್, ರೆಗ್ಯುಲೇಟರ್ ಕೂಡ ಅಷ್ಟೇ ಹಳೆಯವು. ಎಲ್ಲ ಸೇರಿಸಿ ಬದಲಿಸಿ, ಬೆಂಚಿನ ಮೇಲೆ ಭಾರ ಕೊಟ್ಟು ಪರೀಕ್ಷಿಸಿ ಕೊಟ್ಟರೆ ಆ ರಿಪೇರಿ ಹೊಸದಕ್ಕೆ ಸಮ. ಯಾವ ಬೇರಿಂಗ್ ಹಾಕುತ್ತೀರಿ ಅಂತ ಕೇಳಿ. ಅಗ್ಗದ ಬೇರಿಂಗ್ ಆ ವೇಗ ತಡೆಯುವುದಿಲ್ಲ. ಎಂಜಿನ್ ಒಂದು ಸುತ್ತು ಹಾಕಿದರೆ ಆಲ್ಟರ್ನೇಟರ್ ಎರಡು ಮೂರು ಸುತ್ತು ಹಾಕಿರುತ್ತದೆ. ಸ್ಟೇಟರ್ ಸುಟ್ಟು ಕಪ್ಪಾಗಿದ್ದರೆ ರಿಪೇರಿ ಬಿಟ್ಟುಬಿಡಿ.

ಕಂಪನಿಯಲ್ಲೇ ಬಿಚ್ಚಿ ಹೊಸದು ಮಾಡಿ ವಾರಂಟಿ ಕೊಟ್ಟು ಮಾರುವವು ನನ್ನ ಪ್ರಕಾರ ನಿಮಗೆ ಸರಿಯಾದ ಆಯ್ಕೆ. ಪೂರ್ತಿ ಹೊಸದು, ಮೂಲ ತಯಾರಕರದ್ದೇ ಸಿಕ್ಕರೆ ಇನ್ನೂ ನಿಶ್ಚಿಂತೆ, ದುಡ್ಡು ಜಾಸ್ತಿ. ಹೆಸರಿಲ್ಲದ ಹೊಸದಕ್ಕಿಂತ ಚೆನ್ನಾಗಿ ರಿಪೇರಿಯಾದ ಹಳೆಯದನ್ನೇ ನಾನು ನಂಬುತ್ತೇನೆ. ಹಳೆಯ ಕಾರಿನಿಂದ ಕಿತ್ತು ತಂದದ್ದರ ಇತಿಹಾಸ ಯಾರಿಗೂ ಗೊತ್ತಿರುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು.

ನೀವೇ ಬದಲಿಸುವುದಾದರೆ

ಬಾನೆಟ್ ತೆಗೆದು ನೋಡಿ. ಆಲ್ಟರ್ನೇಟರ್ ಮುಂದೆ, ಮೇಲೆ, ಕೈಗೆ ಸಿಗುವಂತಿದ್ದರೆ ಧೈರ್ಯ ಮಾಡಬಹುದು. ಅದನ್ನು ತೆಗೆಯಲು ರೇಡಿಯೇಟರ್ ಫ್ಯಾನ್, ಎಂಜಿನ್ ಮೌಂಟಿಂಗ್ ಅಥವಾ ಚಕ್ರದ ಶಾಫ್ಟ್ ಬಿಚ್ಚಬೇಕಾದರೆ ಗ್ಯಾರೇಜಿಗೆ ಬಿಡಿ. ಹೈಬ್ರಿಡ್ ಕಾರಿನವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮದರಲ್ಲಿ ಈ ಆಲ್ಟರ್ನೇಟರ್ ಇಲ್ಲದಿರಬಹುದು, ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಬಿಚ್ಚುವಾಗ ನೆನಪಿರುತ್ತೆ ಅನಿಸುತ್ತದೆ, ಹಾಕುವಾಗ ಇರುವುದಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅದು ವಾಪಸ್ ಕಂಬಕ್ಕೆ ತಾಗದಂತೆ ಬಟ್ಟೆ ಸುತ್ತಿ. ಈ ಹೆಜ್ಜೆ ಬಿಟ್ಟವರಿಗೆ ಪಾಠ ಬೇಗ ಸಿಗುತ್ತದೆ. ಬಿ ಪ್ಲಸ್ ಕೇಬಲ್ ಕೀ ಆಫ್ ಇದ್ದರೂ ಸದಾ ಜೀವಂತ. ಸ್ಪ್ಯಾನರ್ ಅದಕ್ಕೂ ಎಂಜಿನ್ ಮೈಗೂ ತಗುಲಿದರೆ ನೂರಾರು ಆಂಪಿಯರ್ ಕಿಡಿ ಹಾರುತ್ತದೆ. ಕೈಯಲ್ಲಿ ಉಂಗುರ, ಲೋಹದ ವಾಚ್ ಇದ್ದರೆ ತೆಗೆದಿಡಿ.

ಬೆಲ್ಟನ್ನು ಬಿಗಿ ಹಿಡಿದಿರುವ ಟೆನ್ಷನರ್ ತಿರುಗಿಸಿ ಬೆಲ್ಟ್ ಇಳಿಸಿ, ಪ್ಲಗ್ ತೆಗೆಯಿರಿ, ದಪ್ಪ ಕೇಬಲ್ ಬಿಚ್ಚಿ, ಆಮೇಲೆ ಬೋಲ್ಟ್‌ಗಳು. ಬೋಲ್ಟ್ ಪೂರ್ತಿ ಬಂದರೂ ಆಲ್ಟರ್ನೇಟರ್ ಅಲ್ಲಾಡದಿದ್ದರೆ ಗಾಬರಿ ಬೇಡ. ಅದರ ಕಿವಿಯಲ್ಲಿರುವ ಉಕ್ಕಿನ ಬುಷ್ ಬ್ರ್ಯಾಕೆಟನ್ನು ಕಚ್ಚಿ ಹಿಡಿದಿರುತ್ತದೆ. ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸಿ, ಮೈ ಮೇಲೆ ಸುತ್ತಿಗೆ ಹೊಡೆಯಬೇಡಿ, ಅಲ್ಯೂಮಿನಿಯಂ ಒಡೆಯುತ್ತದೆ. ಹೊಸದು ಕೂರಿಸುವ ಮೊದಲು ಆ ಬುಷ್ಷನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ತಟ್ಟಿಕೊಂಡರೆ ಸಲೀಸಾಗಿ ಜಾರಿ ಕೂರುತ್ತದೆ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪುಲ್ಲಿಯ ಏಣುಗಳ ಎಣಿಕೆ, ಪ್ಲಗ್‌ನ ಪಿನ್, ಕಿವಿಗಳ ಜಾಗ, ಆಂಪಿಯರ್ ಎಲ್ಲ ಹೊಂದಬೇಕು. ಆಂಪಿಯರ್ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಮ್ಮಿ ಇರಬಾರದು. ಹಳೆಯದರ ಪುಲ್ಲಿ ಒಂದು ಕಡೆ ಮಾತ್ರ ರೋಟರನ್ನು ಎಳೆದು, ಇನ್ನೊಂದು ಕಡೆ ಸಲೀಸಾಗಿ ತಿರುಗುತ್ತದಾ? ಹಾಗಿದ್ದರೆ ಅದು ಫ್ರೀವ್ಹೀಲ್ ಪುಲ್ಲಿ, ಹೊಸದರಲ್ಲೂ ಅದೇ ಇರಬೇಕು. ಗಟ್ಟಿ ಪುಲ್ಲಿ ಹಾಕಿದರೆ ಬೆಲ್ಟೂ ಟೆನ್ಷನರೂ ನಡುಗಿ ಬೇಗ ಹೋಗುತ್ತವೆ.

ಕೂರಿಸುವಾಗ ಬಿ ಪ್ಲಸ್ ನಟ್ ಬಿಗಿಯ ಬಗ್ಗೆ ಉದಾಸೀನ ಬೇಡ. ಸಡಿಲ ಇದ್ದರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ, ಅತಿ ಬಿಗಿಯಾದರೆ ಸ್ಟಡ್ ಮುರಿಯುತ್ತದೆ. ಕಾರಿನ ಮ್ಯಾನುಯಲ್‌ನಲ್ಲಿರುವ ಟಾರ್ಕ್, ಅಂದರೆ ಬಿಗಿಯ ಅಳತೆ, ನೋಡಿ ಕೂರಿಸಿ. ಬೆಲ್ಟ್ ಹೊಸದೇ ಹಾಕಿ. ಎಲ್ಲ ಏಣುಗಳೂ ಪುಲ್ಲಿಯ ಕಣಿವೆಗಳಲ್ಲಿ ಕೂತಿವೆಯಾ ಅಂತ ಬೆರಳಾಡಿಸಿ ನೋಡಿ, ಒಂದು ಏಣು ಹೊರಗುಳಿದರೂ ಬೆಲ್ಟ್ ಹರಿಯುತ್ತದೆ. ನೆಗೆಟಿವ್ ಕೊನೆಗೆ. ಚಾರ್ಜರ್‌ನಲ್ಲಿ ತುಂಬಿಸಿದ ಬ್ಯಾಟರಿಯೊಂದಿಗೇ ಸ್ಟಾರ್ಟ್ ಮಾಡಿ, ಮೊದಲು ಮಾಡಿದ ಅಳತೆಗಳನ್ನೇ ಮತ್ತೆ ಮಾಡಿ.

ಅಲ್ಲಿಯವರೆಗೆ ಓಡಿಸಬಹುದಾ?

ಹತ್ತಿರದ ಗ್ಯಾರೇಜಿಗೆ, ಹಗಲಲ್ಲಿ, ಸರಿ. ದೂರದ ಊರಿಗೆ, ರಾತ್ರಿ, ಮಳೆಯಲ್ಲಿ ಬೇಡ. ಆಲ್ಟರ್ನೇಟರ್ ಪೂರ್ತಿ ಕೈಕೊಟ್ಟರೆ ಫ್ಯೂಯೆಲ್ ಪಂಪ್, ಇಗ್ನಿಷನ್, ಲೈಟು, ಬ್ಲೋವರ್ ಎಲ್ಲ ಸೇರಿ 30 ಆಂಪಿಯರ್ ಸುಲಭವಾಗಿ ಎಳೆಯುತ್ತವೆ. ತುಂಬಿದ ಬ್ಯಾಟರಿಯೂ ಒಂದು ಗಂಟೆ ನಿಲ್ಲುವುದು ಕಷ್ಟ. ನಿಮ್ಮದರಂತೆ ಅರ್ಧ ಇದ್ದರೆ ಇನ್ನೂ ಬೇಗ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದ್ದರೆ ವೋಲ್ಟೇಜ್ ಇಳಿದಂತೆ ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ, ಅಪಾಯ ಇರುವುದು ಅಲ್ಲಿ.

ಓಡಿಸುವಾಗ ಮಂಕು ದೀಪ ಜೋರಾಗಿ ಉರಿಯಿತು ಅಂದರೆ ಎಸಿ, ಬ್ಲೋವರ್, ಮ್ಯೂಸಿಕ್ ಆರಿಸಿ, ಎಂಜಿನ್ ಮಾತ್ರ ಆರಿಸಬೇಡಿ, ಮತ್ತೆ ಸ್ಟಾರ್ಟ್ ಆಗಲಿಕ್ಕಿಲ್ಲ. ಕಣ್ಣು ಎಂಜಿನ್ ಶಾಖದ ಮುಳ್ಳಿನ ಮೇಲಿರಲಿ. ಬೆಲ್ಟ್ ಹರಿದಿರಬಹುದು, ಎಷ್ಟೋ ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಮುಳ್ಳು ಏರತೊಡಗಿದರೆ ಆಗ ಯೋಚಿಸದೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬ್ಯಾಟರಿ ಹೋದರೆ ಒಂದು ಟೋಯಿಂಗ್, ಎಂಜಿನ್ ಹೋದರೆ ಅದು ಬೇರೆಯೇ ಲೆಕ್ಕ.

ಪರೀಕ್ಷೆ ಮುಗಿಯುವ ತನಕ ರಾತ್ರಿ ನಿಲ್ಲಿಸುವಾಗ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, ಎಂಜಿನ್ ನಿಂತ ಮೇಲೆ ಬಿಚ್ಚಿದರೆ ಯಾವ ಅಪಾಯವೂ ಇಲ್ಲ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗುತ್ತವೆ, ಕೆಲವು ರೇಡಿಯೋಗಳು ಕೋಡ್ ಕೇಳುತ್ತವೆ, ಪವರ್ ವಿಂಡೋ ಒಮ್ಮೆ ಪೂರ್ತಿ ಏರಿಸಿ ಇಳಿಸಬೇಕಾಗಬಹುದು. ಕೀ ಮಾತ್ರ ಡಿಕ್ಕಿಯಲ್ಲೋ ಒಳಗೋ ಬಿಡದೆ ಜೇಬಿನಲ್ಲೇ ಇಟ್ಟುಕೊಳ್ಳಿ. ಬ್ಯಾಟರಿ ಇಲ್ಲದೆ ರಿಮೋಟ್ ಲಾಕ್ ತೆರೆಯುವುದಿಲ್ಲ.